ಗೋಡೆಗೆ ಊಟ ಹಾಕಿದ ಭಾವ

ನನ್ನ ಭಾವ ತಮ್ಮ ಹೆಂಡತಿಗೆ ಒಂದು ದಿನವೂ ಒಂದು ಕಪ್ ಚಹಾ ಮಾಡಿ ಕೊಟ್ಟವರಲ್ಲ. ಆದರೆ ಒಂದು ಗೋಡೆಗಾಗಿ ಬೆಲ್ಲದ ನೀರು ಮಾಡಿದರು, ಉದ್ದು ನೆನೆಸಿ ರುಬ್ಬಿದರು, ಮೆಂತ್ಯ ಕುದಿಸಿದರು, ಬಿಲ್ವದ ಕಾಯಿ ಒಡೆದು ತಿರುಳು ತೆಗೆದರು! ಸುಳ್ಳಲ್ಲ ಮಕ್ಕಳೇ. ಮರಾಠಿ ಸೀಮೆಯ ಧನಕವಡಿಯ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಪೊಗದಸ್ತಾಗಿ ಉಂಡದ್ದು ನನ್ನ ಕೋಣೆಯ ಹಿಂದಿನ ಗೋಡೆ.

ನಿಮ್ಮಜ್ಜನ ಅಣ್ಣನಾದ ಈ ದೊಡ್ಡಜ್ಜನನ್ನು ನೀವು ಫೋಟೋದಲ್ಲಷ್ಟೇ ನೋಡಿದ್ದೀರಿ. ಅದರಲ್ಲಿ ಭಾಳ ಗಂಭೀರವಾಗಿ ಕಾಣುತ್ತಾರೆ. ಮೋಸ ಹೋಗಬೇಡಿ.

ತೊಂಬತ್ತರ ದಶಕದ ಮಾತು. ನಿಮ್ಮಜ್ಜ ತೀರಿಕೊಂಡ ಮೇಲೆ ನಾನೂ ನಿಮ್ಮಮ್ಮನೂ ಭಾವನ ಮನೆಯ ಹಿಂದಿನ ಕೋಣೆಯಲ್ಲಿದ್ದೆವು. ಗೋಡೆಗೆ ಸಿಮೆಂಟಿನ ಗಿಲಾವು. ಮಳೆಗಾಲ ಬಂತೆಂದರೆ ಗೋಡೆ ಬೆವರಲು ಶುರು ಮಾಡುತ್ತಿತ್ತು, ನಾನು ಕೆಮ್ಮಲು. ಇಬ್ಬರೂ ದೀಪಾವಳಿಯವರೆಗೆ ನಿಲ್ಲಿಸುತ್ತಿರಲಿಲ್ಲ. ಧಾರವಾಡದ ಕಡೆಯಿಂದ ನನ್ನನ್ನು ನೋಡಲು ಬಂದಿದ್ದ ನನ್ನ ಅಣ್ಣ ಒಂದು ಬೇಸಿಗೆಯಲ್ಲಿ ಖಡಾಖಂಡಿತ ಹೇಳಿ ಹೋದ: "ಈ ಮಳಿಗಾಲದಾಗ ನಾ ಮತ್ತ ಬರ್ತೀನಿ. ಕೆಮ್ಮು ಕೇಳಿಸ್ತಂದ್ರ ನಿನ್ನ ಊರಿಗೆ ಕರ್ಕೊಂಡು ಹೋಗಾಂವ. ಹುಡುಗಿನ್ನ ಹಾಸ್ಟೆಲಿನ್ಯಾಗ ಇಡೋಣ."

ಇದ್ದೊಬ್ಬ ಮಗಳನ್ನು ಬಿಟ್ಟು ಹೇಗೆ ಇರಲಿ? ಆದರೆ ನಾನು ಎದುರು ಮಾತಾಡುವವಳಲ್ಲ. ತಲೆಯಾಡಿಸಿ ಚಹಾಕ್ಕೆ ಇಟ್ಟೆ.

ಇದಾದ ಕೆಲವೇ ದಿನಕ್ಕೆ ಭಾವ ಯಾರದೋ ಲಗ್ನಕ್ಕೆಂದು ಭೋರ್‌ಗೆ ಹೋದರು. ಸಂಜೆ ತಿರುಗಿ ಬಂದಾಗ ಟೋಪಿ, ಮೀಸೆ, ಚಪ್ಪಲಿ, ಎಲ್ಲ ಬೆಳ್ಳಗೆ! ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಕೇಳಿದರು, "ಲಗ್ನದ ಊಟ ಹೆಂಗಿತ್ರಿ?"

"ಯಾವ ಲಗ್ನ?" ಅಂದರು ಭಾವ.

ಬಸ್ಸಿನಿಂದ ಇಳಿದು ನಡೆಯುವಾಗ ಒಂದು ಹಳೆಯ ವಾಡೆಯ ರಿಪೇರಿ ಕಣ್ಣಿಗೆ ಬಿದ್ದಿದೆ. ಅಲ್ಲೇ ಗಾರೆ ಕೆಲಸದ ಗವಂಡಿಗಳ ನಡುವೆ ಕೂತುಬಿಟ್ಟಿದ್ದಾರೆ. "ಏ, ಸುಣ್ಣಕ್ಕ ಬೆಲ್ಲಾ ಹಾಕ್ತಾರ, ಉದ್ದು ಹಾಕ್ತಾರ! ಗ್ವಾಡಿಗೆ ಊಟಾ ಹಾಕ್ತಾರ, ಊಟಾ!"

"ನಿಮಗ ಹಾಕಿದ್ರೋ ಇಲ್ಲೋ?"

ಆಗ ಹಸಿವೆ ನೆನಪಾಯಿತು ಪಾಪ.

ಮರುದಿನವೇ ಅಪ್ಪಣೆಯಾಯಿತು. ಈ ಮನೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಗೋಡೆ ಯಾವುದು? ನನ್ನದು! ಅದರ ಸಿಮೆಂಟು ಕೆತ್ತಿ ಸುಣ್ಣದ ಗಾರೆ ಹಚ್ಚಿ ನೋಡುವುದು. ನಾನೂ ಮಗಳೂ ನಡುಮನೆಗೆ ವಲಸೆ ಹೋದೆವು. ಹಿತ್ತಲಲ್ಲಿ ಗುಂಡಿ ತೋಡಿ ಸುಡುಸುಣ್ಣದ ಹೆಂಟೆಗಳನ್ನು ನೀರಿಗೆ ಹಾಕಿದರು ನೋಡಿ, ಬೆಂಕಿಯಿಲ್ಲದೆ ನೀರು ಕೊತಕೊತ ಕುದಿಯಿತು! ನಾನು ಕಿಟಕಿಯ ಮರೆಯಲ್ಲಿ ನಿಂತು ಬಾಯಿ ತೆರೆದುಕೊಂಡೇ ನೋಡಿದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದು ಗೊತ್ತೇ ಆಗಲಿಲ್ಲ. ಪಕ್ಕದ ಮನೆಯ ಮರಾಠಿ ಕಾಕು ಬೇಲಿಯ ಮೇಲಿಂದ ಇಣುಕಿ, ಬೆಲ್ಲ ಬೇಳೆಗಳ ಸಾಲು ನೋಡಿ, "ಕಾಯ ಹೋ, ಭಿಂತೀಚಂ ಬಾರಸಂ ಆಹೇ ಕಾ?" ಎಂದಳು. ಗೋಡೆಗೇನು ನಾಮಕರಣವೇ ಎಂದು!

ನನಗೆ ಹೊಟ್ಟೆ ತುಂಬ ಪ್ರಶ್ನೆ. ಆದರೆ ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ರೂಢಿ ಆಗ ಇರಲಿಲ್ಲ. ಏನಿದ್ದರೂ ನಿಮ್ಮಮ್ಮನ ಮೂಲಕ. ಅವಳು ಕಾಲೇಜಿಗೆ ಹೋಗಿದ್ದರೆ ಭಾವ ಗೋಡೆಗೆ ಹೇಳುತ್ತಿದ್ದರು, ನಾನು ಒಲೆಗೆ ಉತ್ತರ ಕೊಡುತ್ತಿದ್ದೆ.

"ಬೆಲ್ಲ ಯಾಕಂತ ಕೇಳು," ಎಂದೆ ಮಗಳ ಕಿವಿಯಲ್ಲಿ.

"ದೊಡ್ಡಪ್ಪಾ, ಬೆಲ್ಲ ಯಾಕಂತ?"

"ಬಿಗಿ ಬರಲಿಕ್ಕೆ ಅಂತ ಹೇಳು."

"ಉದ್ದು?"

"ಅಂಟಿಗೆ. ಹಚ್ಚಿದ ಗಾರೆ ಜಾರಬಾರದಲ್ಲಾ."

"ಉಪ್ಪು ಖಾರ ಯಾವಾಗ ಹಾಕ್ತೀರಂತ ಅವ್ವ ಕೇಳ್ತಾಳ."

ನಾನೆಲ್ಲಿ ಕೇಳಿದ್ದೆ! ಹುಡುಗಿ ತಾನೇ ಸೇರಿಸಿದ್ದು. ಭಾವ ನಗಲೇ ಇಲ್ಲ. "ಉಪ್ಪು ಸುಣ್ಣದ ವೈರಿ ಅಂತ ಹೇಳು," ಎಂದು ಮತ್ತೆ ಕಲಸತೊಡಗಿದರು.

ಮೊದಲ ಸಲದ ಗಾರೆಗೆ ಬೆಲ್ಲ ಹೆಚ್ಚಾಯಿತು. ಭಾವನಿಗೆ ಸಿಹಿಯೆಂದರೆ ಪ್ರೀತಿ, ಗೋಡೆಗೂ ಇರಬಹುದು ಎಂದುಕೊಂಡರೋ ಏನೋ. ಮರುದಿನ ಬೆಳಿಗ್ಗೆ ಅಕ್ಕ ಕಿರುಚಿದರು, "ಅಯ್ಯ, ಬರ್ರಿ ಇಲ್ಲೆ! ಗ್ವಾಡಿ ನಡೀಲಿಕ್ಕೆ ಹತ್ತೇದ!" ಹೋಗಿ ನೋಡಿದರೆ ಕೆಳಗಿನಿಂದ ಮೇಲಿನವರೆಗೆ ಇರುವೆಗಳು! ಪಕ್ಕದ ಕಾತ್ರಜದ ಇರುವೆಗಳಿಗೂ ಸುದ್ದಿ ಮುಟ್ಟಿರಬೇಕು. ಇರುವೆ ಹೋದ ಮೇಲೆ ಗಾರೆಯೂ ಹೊರಟಿತು. ಒಂದು ಮಧ್ಯಾಹ್ನ ಹಪ್ಪಳದ ಹಾಗೆ ಎದ್ದು ಧೊಪ್ಪೆಂದು ಬಿತ್ತು. ಭಾವ ಒಂದು ಚೂರೆತ್ತಿ ನಾಲಿಗೆಯ ತುದಿಗೆ ಮುಟ್ಟಿಸಿ, "ಪಾಕ ತಪ್ಪೇದ," ಎಂದರು. ಎಲ್ಲರೂ ನಕ್ಕರು. ನಾನು ಮಾತ್ರ ಆಕಾಶ ನೋಡಿದೆ. ಮಳೆ ದೂರವಿರಲಿಲ್ಲ.

ಎರಡನೆಯ ಸಲಕ್ಕೆ ಬೆಲ್ಲ ಇಳಿಸಿದರು, ಉದ್ದನ್ನು ಅಳಲೆಕಾಯಿಯ ಕಷಾಯದಲ್ಲಿ ನೆನೆಹಾಕಿದರು. ಅಳಲೆಕಾಯಿ ಎಂದರೆ ಬರೀ ಒಗರು. ಗ್ರಹಚಾರ ನೋಡಿ, ಮರುದಿನವೇ ಮಾವನವರ ಶ್ರಾದ್ಧ. ವಡೆಗೆಂದು ಅಕ್ಕ ನೆನೆಹಾಕಿದ ಉದ್ದೂ ಅಂಥದೇ ಹಿತ್ತಾಳೆ ಪಾತೇಲಿಯಲ್ಲಿ ಅಲ್ಲೇ ಪಕ್ಕದಲ್ಲಿತ್ತು. ಭಾವ ನಸುಕಿನಲ್ಲಿ ಎದ್ದು, ಯಾವುದನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು ಹೇಳಿ?

ಉಳಿದ ಉದ್ದು ತುಸು ಹಳದಿಯಾಗಿತ್ತು. ಪಾತೇಲಿಯ ಹೊಳಪು ಎಂದುಕೊಂಡೆವು. ಶ್ರಾದ್ಧದ ಅಡಿಗೆಯನ್ನು ಬ್ರಾಹ್ಮಣರು ಉಣ್ಣುವ ಮುಂಚೆ ಯಾರೂ ರುಚಿ ನೋಡುವಂತಿಲ್ಲವಲ್ಲ! ಮಡಿಯಲ್ಲಿ ರುಬ್ಬಿ, ಕರಿದು, ಬಡಿಸಿದೆವು. ಭಟ್ಟರು ಒಂದು ವಡೆ ಕಚ್ಚಿದರು. ಅವರ ಮುಖ ಒಣದ್ರಾಕ್ಷಿಯಷ್ಟಾಯಿತು.

"ಏನ್ರಿ ತಾಯೀ, ವಡಿಯೋ ಔಷಧವೋ?"

ಭಾವ ಎಲೆಯ ಕಡೆಗೆ ಬಗ್ಗಿ ನೋಡಿ, "ಅಯ್ಯೋ, ಇದು ಗ್ವಾಡೀದು!" ಎಂದರು.

"ಹಂಗಾರ ನಮ್ಮದೆಲ್ಲಿ?"

"ಗಾರ‍್ಯಾಗ ಅದ ರೀ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಅಳಲಿಕ್ಕೋ ನಗಲಿಕ್ಕೋ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಹಿತ್ತಲಲ್ಲಿ ಪಿಂಡ ಇಟ್ಟು ಕಾಗೆಗಾಗಿ ಕಾದೆವು. ಬಂತು. ಪಿಂಡದ ಕಡೆ ತಿರುಗಿಯೂ ನೋಡದೆ ನೇರ ಗಾರೆಯ ಬುಟ್ಟಿಯ ಅಂಚಿಗೆ ಕೂತು, ಒಮ್ಮೆ ಕುಕ್ಕಿ, ಕೊಕ್ಕು ಒರೆಸಿಕೊಂಡು, ಅನಂತರ ಪಿಂಡಕ್ಕೆ ಹಾರಿತು. ಭಾವ ಕೈ ಮುಗಿದರು. "ನೋಡ್ರಿ, ಅಪ್ಪ ಮೊದಲ ಕೆಲಸಾ ಪರೀಕ್ಷಾ ಮಾಡಿದ್ರು, ಆಮ್ಯಾಲೆ ಊಟಕ್ಕ ಕೂತ್ರು!" ಮಾವನವರು ಬದುಕಿದ್ದಾಗಲೂ ಹಾಗೆಯೇ ಇದ್ದರು, ಅದಂತೂ ನಿಜ.

ಆ ಗಾರೆ ನಿಂತಿತು. ಭಾವ ದಿನಾಲು ಅದಕ್ಕೆ ನೀರು ಚಿಮುಕಿಸಿದರು, ಹಸಿ ಗೋಣಿ ಹೊದಿಸಿದರು, ನುಣುಪುಗಲ್ಲಿನಿಂದ ತಿಕ್ಕಿ ತಿಕ್ಕಿ ಬೆಣ್ಣೆಯ ಹಾಗೆ ಮಾಡಿದರು. "ನನ್ನ ಬೆನ್ನಿಗೆ ಒಮ್ಮೆರೆ ಹಿಂಗ ಎಣ್ಣಿ ತಿಕ್ಕೀರೇನು?" ಎಂದು ಅಕ್ಕ ಹಂಗಿಸಿದರು. ಗೋಡೆ ಒಣಗಿತೆಂದು ನಾವು ತಿರುಗಿ ಕೋಣೆ ಸೇರುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಯಿತು. ನಾನು ದಿನಾ ಬೆಳಿಗ್ಗೆ ಎದ್ದು ಮೊದಲು ಗೋಡೆ ಮುಟ್ಟುತ್ತಿದ್ದೆ. ತಂಪು, ಆದರೆ ಒದ್ದೆಯಲ್ಲ. ಕೆಮ್ಮು ಮಾತ್ರ ಪೂರಾ ಹೋಗಿರಲಿಲ್ಲ. ಬಂದು ಇಣುಕಿ ಹೋಗುತ್ತಿತ್ತು.

ಶ್ರಾವಣದಲ್ಲಿ ಅಣ್ಣ ಬಂದ. ಅವನು ಹೊಸಿಲು ದಾಟುವಾಗಲೇ ನನಗೆ ಕೆಮ್ಮು ಬರಬೇಕೇ! ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದ. "ಕೆಲಸೇನೋ ಛಲೋ ಆಗೇದ. ಆದ್ರ ಆಡಿದ ಮಾತು ಆಡಿದ್ದು. ನಡೀ, ಅರಿವಿ ಕಟ್ಟು." ನಾನು ಟ್ರಂಕು ಎಳೆದೆ. ನಿಮ್ಮಮ್ಮ ಬಾಗಿಲಿನ ಹಿಂದೆ ನಿಂತಳು. ಕೈ ಒರೆಸಿಕೊಳ್ಳುತ್ತ ಭಾವ ಬಂದರು.

"ಒಂದು ಮಾತದ ರೀ," ಎಂದರು ಅಣ್ಣನಿಗೆ. "ಈ ಗಾರೆ ಒಣಗೇದಷ್ಟ, ಗಟ್ಟಿ ಆಗಿಲ್ಲ. ಒಳಗ ಕಲ್ಲಾಗಲಿಕ್ಕೆ ವರ್ಷಗಟ್ಟಲೆ ಬೇಕು. ಸುಣ್ಣ ಹೆಂಗ ಕಲ್ಲಾಗ್ತದ, ಗೊತ್ತೇನ್ರಿ? ನಾವು ಬಿಟ್ಟ ಉಸಿರು ಎಳಕೊಂಡು. ಖಾಲಿ ಖೋಲ್ಯಾಗ ಅದು..."

ಭಾವ ಗೋಡೆಯ ಮೇಲಿಲ್ಲದ ಧೂಳನ್ನು ಒರೆಸಿದರು.

"ನನ್ನ ತಮ್ಮ ಅಂತೂ ಹೋದ. ಉಸಿರಾಡವರು ಯಾರರೆ ಇಲ್ಲೆ ಇರಬೇಕ್ರಿ."

ಅಣ್ಣ ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ದೂಡಿ, ಬೀಗರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತ.

ಯಾರ ಉಸಿರೂ ಇಲ್ಲದೆ, ಬರೀ ಬಯಲಿನ ಗಾಳಿಯಿದ್ದರೂ ಸುಣ್ಣ ಗಟ್ಟಿಯಾಗುತ್ತದೆ ಎಂದು ನಿಮ್ಮಮ್ಮ ಮುಂದೆಂದೋ ಪುಸ್ತಕ ನೋಡಿ ಹೇಳಿದಳು. ಇರಬಹುದು. ಆ ದಿನ ಮಾತ್ರ ನಾನು, ಎಲ್ಲರೂ ಆಚೆ ಹೋದ ಮೇಲೆ, ಗೋಡೆಯ ಹತ್ತಿರ ನಿಂತು ಉದ್ದಕ್ಕೆ ಒಂದು ಉಸಿರು ಬಿಟ್ಟೆ.