ಮೂರು ಬಣ್ಣದ ಹೆಲ್ಮೆಟ್

ಐವತ್ತು ದಾಟಿದ ಗಂಡಸರಿಗೆ ಬರುವ ರೋಗಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಮೊಣಕಾಲು ನೋವು ಇವೆಲ್ಲ ಮರ್ಯಾದಸ್ಥ ರೋಗಗಳು. ಅವಕ್ಕೆ ಗುಳಿಗೆ ಇದೆ, ಪಥ್ಯ ಇದೆ, ನೋಡಲು ಬಂದವರು ಬಾಳೆಹಣ್ಣು ತರುತ್ತಾರೆ. ಗುಳಿಗೆಯೇ ಇಲ್ಲದ ರೋಗವೆಂದರೆ ಬಾಲ್ಯ ಮರುಕಳಿಸುವುದು. ಈ ರೋಗ ಹತ್ತಿದವನು ಹಳೆಯ ಸಹಪಾಠಿಗಳನ್ನೆಲ್ಲ ಹುಡುಕಿ ಹುಡುಕಿ ವಾಟ್ಸಾಪ್ ಗುಂಪು ಕಟ್ಟುತ್ತಾನೆ, ಕೋಳಿ ಕೂಗುವ ಮೊದಲೇ ಎಲ್ಲರಿಗೂ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾನೆ, ಪೆಪ್ಪರಮೆಂಟಿನ ಫೋಟೊ ಹಾಕಿ ‘ಯಾರಿಗೆ ನೆನಪಿದೆ?’ ಎಂದು ಕಣ್ಣೀರು ಹಾಕುತ್ತಾನೆ. ನಾನು ಸಿಂಧನೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವನು. ಪುರಾವೆ ಇಲ್ಲದ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಉರಿದು ಮಾಡುವುದೇನು, ಈ ರೋಗಿಗಳ ಪೈಕಿ ಒಬ್ಬ ನನ್ನ ಖಾಸಾ ಗೆಳೆಯ.

ಬಸವರಾಜನೆಂದು ಅವನ ಹೆಸರು. ಬಳಗಾನೂರಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆ. ನಾನು ಈಗಲೂ ಆ ಮನೆಯಲ್ಲೇ ಇದ್ದೇನೆ, ಅವನು ಮಸ್ಕಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಮಸ್ಕಿಯಲ್ಲಿ ಅಶೋಕನ ಕಾಲದ ಶಾಸನವಿದೆಯಷ್ಟೆ. ಆ ಊರಿನ ನೀರು ಕುಡಿದ ಮೇಲೆ ಬಸವರಾಜನೂ ಆಡಿದ್ದನ್ನೆಲ್ಲ ಕಲ್ಲಿನ ಮೇಲೆ ಕೊರೆದಂತೆಯೇ ಆಡುತ್ತಾನೆ. ಒಂದು ಭಾನುವಾರ ನಮ್ಮ ಮನೆಗೆ ಬಂದವನು ಚಹಾ ಕಪ್ಪು ಕೆಳಗಿಡುವ ಮೊದಲೇ ಘೋಷಿಸಿದ:

“ಲೇ ಮಾಸ್ತರ, ಬಳಗಾನೂರು ಸಾಲಿ ಹುಡುಗರದು ಗುರುವಂದನಾ ಸಿಂಧನೂರಾಗ ಇಟ್ಕೊಂಡಾರ. ಎಲ್ಲಾರೂ ಶಾಲು, ಹಣ್ಣಿನ ಬುಟ್ಟಿ ತರ್ತಾರ. ನಾ ಕ್ಯಾಪ್ಟನ್ನನ ಹೆಲ್ಮೆಟ್ ಮಾಡಿ ಹಾಕ್ಕೊಂಡು ಬರ್ತೀನಿ.”

ಯಾವ ಕ್ಯಾಪ್ಟನ್ ಎಂದು ನಾನು ಕೇಳಲಿಲ್ಲ. ಬಳಗಾನೂರಿನ ನಮ್ಮ ವಯಸ್ಸಿನವರಿಗೆ ಕ್ಯಾಪ್ಟನ್ ಅಂದರೆ ಒಬ್ಬನೇ. ನಾವು ಚಿಕ್ಕವರಿದ್ದಾಗ ಭಾನುವಾರ ಮುಂಜಾನೆ ಟೀವಿಯಲ್ಲಿ ಆಕಾಶಯಾನದ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಓಣಿಗೆಲ್ಲ ನಮ್ಮ ಮನೆಯಲ್ಲೊಂದೇ ಟೀವಿ, ಅದೂ ಕಲರ್ ಟೀವಿ. ಹಿಂದಿ ಒಬ್ಬರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ, ಹಾಗಾಗಿ ಕತೆಯನ್ನು ಎಲ್ಲರೂ ತಮತಮಗೆ ಬೇಕಾದಂತೆ ಮಾಡಿಕೊಂಡಿದ್ದರು. ಆದರೆ ಕ್ಯಾಪ್ಟನ್ನನ ಹೆಲ್ಮೆಟ್ಟಿನ ವಿಷಯದಲ್ಲಿ ಎರಡು ಮಾತಿರಲಿಲ್ಲ. ಅದು ಬಣ್ಣ ಬದಲಿಸುವ ಹೆಲ್ಮೆಟ್. ಅವನು ಎದ್ದು ನಿಂತು ಹುಕುಂ ಕೊಡುವಾಗ ನೀಲಿ, ಸುಸ್ತಾಗಿ ಕುರ್ಚಿಯಲ್ಲಿ ಕುಳಿತಾಗ ಕಿತ್ತಳೆ, ಏಟು ತಿಂದು ನೆಲಕ್ಕೆ ಬಿದ್ದಾಗ ಹಸಿರು. ಇದಕ್ಕೆ ಕಾರಣವನ್ನು ಆಗಲೇ ಕಂಡುಹಿಡಿದವನು ನಾನು: ನೀಲಿ ಎಂದರೆ ಆಮ್ಲಜನಕ ಭರ್ತಿ, ಕಿತ್ತಳೆ ಎಂದರೆ ಅರ್ಧ, ಹಸಿರು ಎಂದರೆ ಮುಗಿಯಿತು. ಓಣಿಯ ಹುಡುಗರು ಬಾಯಿ ತೆರೆದುಕೊಂಡು ಕೇಳಿದ್ದರು. ನಾನು ವಿಜ್ಞಾನದ ಮಾಸ್ತರನಾದದ್ದೇ ಆ ಹೆಲ್ಮೆಟ್ಟಿನಿಂದ ಎಂದು ಪ್ರತಿ ವರ್ಷ ಎಂಟನೇ ತರಗತಿಗೆ ಉಸಿರಾಟದ ಪಾಠ ಮಾಡುವಾಗ ಹೇಳುತ್ತ ಬಂದಿದ್ದೇನೆ.

ಇಂಥ ಹೆಲ್ಮೆಟ್ಟನ್ನು ಈ ಬಸವರಾಜ ಮಾಡುವುದೆಂದರೆ! ಮೊದಲ ಪ್ರಯತ್ನ ತಂದು ತೋರಿಸಿದ. ನೀರು ತುಂಬುವ ಪ್ಲಾಸ್ಟಿಕ್ ಕೊಡದ ಕುತ್ತಿಗೆ ಕೊಯ್ದು ಬೋರಲು ಹಾಕಿದ್ದ. ಮುಂದೆ ಮೋಟಾರ್‌ಸೈಕಲ್ ಹೆಲ್ಮೆಟ್ಟಿನ ಗಾಜು. ಆಮ್ಲಜನಕದ ನಳಿಕೆಗೆ, ಭತ್ತಕ್ಕೆ ಔಷಧ ಹೊಡೆಯುವ ಪಂಪಿನ ಪೈಪು. ಆ ಪೈಪಿನಿಂದ ಇನ್ನೂ ಕ್ರಿಮಿನಾಶಕದ ವಾಸನೆ ಬರುತ್ತಿತ್ತು. ಇದನ್ನು ಹಾಕಿಕೊಂಡವನು ಆಕಾಶಕ್ಕಂತೂ ಹೋಗುತ್ತಾನೆ, ವಾಪಸ್ಸು ಬರುವುದು ಮಾತ್ರ ಅನುಮಾನ ಎಂದೆ. ಅವನು ಬೇಸರ ಮಾಡಿಕೊಳ್ಳದೆ ಪೈಪು ತೊಳೆದು ತಂದ. ಆಂಟೆನಾಕ್ಕೆ ಛತ್ರಿಯ ಕಡ್ಡಿ ಸಿಕ್ಕಿಸಿದ್ದ, ಅದು ಸೊಟ್ಟಗಿದೆ ಎಂದೆ. ನೆಟ್ಟಗೆ ಮಾಡಿದ. ಈಗ ಎತ್ತಿನ ಕೊಂಬಿನ ಹಾಗೆ ಕಾಣುತ್ತದೆ ಎಂದೆ. ಕೊಡದ ಮೈಗೆಲ್ಲ ಬಿಳಿ ಬಣ್ಣ ಬಳಿದು, ಅಷ್ಟೇ ಸಾಕೆಂದು ಕೈತೊಳೆದುಕೊಳ್ಳಲು ನೋಡಿದ. ಆಗಂತೂ ನನಗೆ ರೇಗಿಹೋಯಿತು.

“ಮೂರು ಬಣ್ಣ ಎಲ್ಲಿ? ಬಣ್ಣ ಬದಲಾಗದಿದ್ರ ಅದು ಕ್ಯಾಪ್ಟನ್ನನ ಹೆಲ್ಮೆಟ್ ಅಲ್ಲ, ಬೋರಲು ಹಾಕಿದ ಕೊಡ!”

ಅಷ್ಟರಲ್ಲಿ ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಿರಿಜಾ, “ರೀ, ಅದು ಬರೇ ಬಿಳಿ ಇತ್ತು ನೋಡ್ರಿ. ನಾವೂ ಮುದಗಲ್ಲಿನ್ಯಾಗ ನೋಡೀವಿ,” ಎಂದಳು. ಆಕೆಯ ತವರಾದ ಮುದಗಲ್ಲಿನವರದು ಇದೇ ಕತೆ. ಊರಿಗೊಂದು ಕೋಟೆ ಇದೆಯೆಂದು ಲೋಕದ ಸಮಸ್ತ ವಿಷಯದಲ್ಲೂ ತಮ್ಮದೇ ಕೊನೆಯ ಮಾತು. “ನಿಮ್ಮ ಮನಿ ಟೀವಿ ಕೆಟ್ಟಿರಬೇಕು,” ಎಂದೆ. ಒಳಗೆ ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ಬಸವರಾಜ ಅದನ್ನು ಹೊತ್ತುಕೊಂಡು ಲಿಂಗಸುಗೂರಿಗೆ ಹೋದ. ಅಲ್ಲಿ ಟ್ರ್ಯಾಕ್ಟರುಗಳಿಗೆ ಬಣ್ಣಬಣ್ಣದ ಲೈಟು ಕೂಡಿಸುವವನೊಬ್ಬ ಇದ್ದಾನೆ. ಅವನು ಸಿಂಗರಿಸಿದ ಟ್ರ್ಯಾಕ್ಟರು ರಸ್ತೆಗೆ ಬಂದರೆ ಮದುವೆ ದಿಬ್ಬಣವೇ ಬಂತೆನ್ನಬೇಕು. ಹೆಲ್ಮೆಟ್ಟಿನ ಒಳಗೆ ಮೂರು ಬಣ್ಣದ ಲೈಟು ಹಾಕಿ, ಗುಂಡಿಗಳನ್ನು ಜೇಬಿನೊಳಗೆ ಬರುವಂತೆ ಮಾಡಿಕೊಟ್ಟ. ಬಸವರಾಜನಿಗೆ ಒಂದೇ ಅನುಮಾನ ಉಳಿದಿತ್ತು: “ಅಲ್ಲೋ ಮಾಸ್ತರ, ಸಿಗ್ನಲ್‌ನ್ಯಾಗ ಹಸರು ಅಂದ್ರ ಹೋಗು ಅಂತೈತಿ, ಇಲ್ಲಿ ಹಸರು ಅಂದ್ರ ಸತ್ತ ಅಂತಾನೇನು?” ರಸ್ತೆಯ ಲೆಕ್ಕವೇ ಬೇರೆ, ಆಕಾಶದ ಲೆಕ್ಕವೇ ಬೇರೆ, ಗೊತ್ತಿಲ್ಲದ್ದರಲ್ಲಿ ಬಾಯಿ ಹಾಕಬೇಡ ಎಂದು ಗದರಿದೆ. ಪಾಪ, ತಲೆ ಅಲ್ಲಾಡಿಸಿದ.

ಗುರುವಂದನೆಯ ದಿನ ಮುಂಜಾನೆಯೇ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ತಾಲೀಮು ಮಾಡಿದ. ನಿಂತ, ನೀಲಿಯಾಯಿತು. ಕುಳಿತ, ಕಿತ್ತಳೆಯಾಯಿತು. ಅಂಗಾತ ಬಿದ್ದ, ಹಸಿರಾಯಿತು. ಆಮೇಲೆ ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಳ್ಳುತ್ತ ನನ್ನ ಕೈ ಹಿಡಿದುಕೊಂಡ. “ಮಾಸ್ತರ, ಸಣ್ಣಾಂವ ಇದ್ದಾಗಿಂದ ಆಸೆ ಇತ್ತಲೇ. ಮಂದಿ ಹುಚ್ಚ ಅಂತ ನಕ್ರ ನಾ ಮಾರಿ ಎತ್ತಂಗಿಲ್ಲ. ನೀ ಬಾಜೂಕ ನಿಂತು ಅದರ ವಿಜ್ಞಾನ ಹೇಳಬೇಕು. ನೀ ಹೇಳಿದ್ರ ಯಾರೂ ನಗಂಗಿಲ್ಲ.” ಹೇಳುತ್ತೇನೆ ಹೋಗು ಎಂದೆ. ಅವನು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮುಂಚಿತವಾಗಿ ಸಿಂಧನೂರಿನ ಮಂಟಪಕ್ಕೆ ಹೊರಟ.

ಮೂಲೆಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದ ನಮ್ಮವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದಳು: “ಅಲ್ಲೋ ಯಪ್ಪಾ, ಆ ಟೊಪ್ಪಿಗಿಗೆ ಮೂರು ಬಣ್ಣ ಯಾಕ ಮಾಡಿಸೀರಿ?”

“ಟೀವ್ಯಾಗ ಹಂಗ ಇತ್ತಲ್ಲಬೇ.”

“ಟೀವಿ ಎಲ್ಲಿ ಬಣ್ಣದ್ದಿತ್ತೋ! ಅದು ಕರಿ-ಬಿಳಿ ಟೀವಿ. ಮಂದಿ ಮುಂದ ಕಲರ್ ಟೀವಿ ಅನ್ನಿಸ್ಕೊಳ್ಳಾಕ ನಿಮ್ಮಪ್ಪ ಮೂರು ಬಣ್ಣದ ಪ್ಲಾಸ್ಟಿಕ್ ಹಾಳಿ ತಂದು ಟೀವಿ ಗಾಜಿನ ಮುಂದ ಬಿಗಿದಿದ್ದ. ಮ್ಯಾಲ ನೀಲಿ, ನಡುವ ಕಿತ್ತಳಿ, ಕೆಳಗ ಹಸರು. ಸುದ್ದಿ ಓದಾಕಿ ಕೂದಲಾನೂ ನೀಲಿ ಇದ್ದುವು. ಆಕಿ ತಲ್ಯಾಗೂ ನಿನ್ನ ಆಮ್ಲಜನಕ ತುಂಬಿತ್ತೇನು?”

ಹೌದಲ್ಲ! ಎದ್ದು ನಿಂತವರ ತಲೆಯೆಲ್ಲ ನೀಲಿ, ಹೊಟ್ಟೆಯೆಲ್ಲ ಕಿತ್ತಳೆ, ಕಾಲೆಲ್ಲ ಹಸಿರು. ಗಿಡ, ಕುದುರೆ, ಮಂತ್ರಿಮಹೋದಯರು, ಯಾರನ್ನೂ ಬಿಟ್ಟಿರಲಿಲ್ಲ. ಟೀವಿ ಬಂದ ದಿನವೇ ಹಾಳೆಯೂ ಬಂದಿತ್ತು, ತೆಗೆದದ್ದನ್ನು ನಾನು ಕಂಡಿರಲಿಲ್ಲ, ನನ್ನ ಕಣ್ಣಿಗೆ ಕ್ಯಾಪ್ಟನ್ನನ ತಲೆ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಆದರೂ ಸೋಲೊಪ್ಪಲು ಮನಸ್ಸಾಗದೆ, “ಪುರಾವೆ ಏನೈತಿ?” ಎಂದೆ.

“ಬಚ್ಚಲದ ಕಿಡಕಿ ನೋಡು. ಗಾಜು ಒಡೆದಾಗ ನಾನ ಬಡಿದೀನಿ ಆ ಹಾಳಿ. ದಿನಾ ಅದರ ಬೆಳಕಿನ್ಯಾಗ ಜಳಕ ಮಾಡ್ತಿ, ಕಣ್ಣೇನು ಅಟ್ಟದ ಮ್ಯಾಲ ಇಟ್ಟೀಯೇನು?”

ಹೋಗಿ ನೋಡಿದೆ. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಬಿಸಿಲಿಗೆ ಸ್ವಲ್ಪ ಮಾಸಿತ್ತು, ಅಷ್ಟೇ. ತಿರುಗಿದರೆ ಬಾಗಿಲಲ್ಲಿ ಗಿರಿಜಾ. ಮುದಗಲ್ಲಿನಲ್ಲಿ ಅವರದು ನಿಜವಾದ ಕಲರ್ ಟೀವಿ ಎಂಬುದು ಆಗ ನೆನಪಾಯಿತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದಾರಿಯುದ್ದಕ್ಕೂ ನಿರ್ಧಾರ ಮಾಡಿಕೊಂಡೇ ಹೋದೆ: ಸತ್ಯ ಹೇಳಿಬಿಡುವುದು. ವಿಜ್ಞಾನ ಕಲಿಸುವವನು ನಾಕು ಮಂದಿಯೆದುರು ಸುಳ್ಳಾಡಬಾರದು. ಮಂಟಪದಲ್ಲಿ ಗುರುಗಳಿಗೆಲ್ಲ ಶಾಲು ಹೊದಿಸಿ ಆಗಿತ್ತು. ಬಸವರಾಜ ಹೆಲ್ಮೆಟ್ ತೊಟ್ಟು ವೇದಿಕೆಗೆ ಬಂದ. ನಾನು ಪಕ್ಕದಲ್ಲಿ ಹೋಗಿ ನಿಂತೆ. ಅವನು ನಿಂತ, ನೀಲಿ. ಕುರ್ಚಿಯಲ್ಲಿ ಕುಸಿದ, ಕಿತ್ತಳೆ. ನೆಲಕ್ಕೆ ಬಿದ್ದ, ಹಸಿರು. ಅಷ್ಟೇ ನೋಡಿ, ಇಡೀ ಬಳಗಾನೂರು ಎದ್ದು ನಿಂತಿತು. “ಹೌದಲೇ, ಇದ, ಇದ ಹೆಲ್ಮೆಟ್!” ಎಂದು ಸೀಟಿ ಹೊಡೆದರು. ಎಲ್ಲರೂ ನಮ್ಮ ಪಡಸಾಲೆಯಲ್ಲಿ ಕುಳಿತು ನೋಡಿದವರೇ ತಾನೆ! ಬೊಕ್ಕತಲೆಯ ಗಂಡಸರು ಕಣ್ಣೊರೆಸಿಕೊಂಡರು. ನಮಗೆ ವಿಜ್ಞಾನ ಕಲಿಸಿದ ಮುದಿ ಮಾಸ್ತರರು ಶಾಲು ಸರಿಮಾಡಿಕೊಂಡು, “ನಾನೂ ನಿಮ್ಮ ಮನ್ಯಾಗ ನೋಡೀನೋ. ಅದು ಹಸರು ಯಾಕ ಆಗ್ತಿತ್ತು ಅನ್ನೂದು ಇವತ್ತಿಗೂ ನನಗ ತಿಳಿದಿಲ್ಲ, ಹೇಳಪಾ,” ಎಂದು ಮೈಕನ್ನು ನನ್ನ ಕೈಗೇ ಕೊಟ್ಟರು.

ನೆಲದ ಮೇಲೆ ಬಿದ್ದಿದ್ದ ಬಸವರಾಜ ಗಾಜಿನೊಳಗಿಂದ ನನ್ನನ್ನೇ ನೋಡುತ್ತಿದ್ದ. ಮುಖವೆಲ್ಲ ಹಸಿರು, ಆದರೆ ಹಲ್ಲೆಲ್ಲ ಕಾಣುವಷ್ಟು ನಗು. ಮುಂದಿನ ಸಾಲಿನಲ್ಲಿ ಗಿರಿಜಾ. ನಾನು ಗಂಟಲು ಸರಿಮಾಡಿಕೊಂಡೆ.

“ಗುರುಗಳೇ, ನೀಲಿ ಎಂದರೆ ಆಮ್ಲಜನಕ ಭರ್ತಿ…”

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಗುರುಗಳು ಬೆನ್ನು ತಟ್ಟಿದರು. ಬಸವರಾಜ ಹೆಲ್ಮೆಟ್ಟಿನ ಸಮೇತ ಅಪ್ಪಿಕೊಂಡಾಗ ಛತ್ರಿಯ ಕಡ್ಡಿ ನನ್ನ ಕಿವಿಗೆ ಚುಚ್ಚಿತು, ಚುಚ್ಚಬೇಕಾದದ್ದೇ ಎಂದುಕೊಂಡೆ. ಮನೆಗೆ ಬರುವವರೆಗೂ ಗಿರಿಜಾ ಸುದ್ದಿಯೇ ಎತ್ತಲಿಲ್ಲ. ಬಚಾವಾದೆ ಎಂದುಕೊಂಡು ನಿಶ್ಚಿಂತೆಯಿಂದ ಮಲಗಿದೆ.

ಮರುದಿನ ಮುಂಜಾನೆ ಬಚ್ಚಲಲ್ಲಿ ಮಣೆ ಎಳೆದುಕೊಂಡು ಕೂರಬೇಕು, ಹೊರಗಿನಿಂದ ಆಕೆಯ ಧ್ವನಿ ಬಂತು:

“ರೀ, ಕೆಳಗ ಕುಂದ್ರಬ್ಯಾಡ್ರಿ. ಹಸರು ಆಗ್ತೀರಿ, ಆಮ್ಲಜನಕ ಮುಗಿದುಹೋದೀತು!”

ನಾನು ನಿಂತುಕೊಂಡೇ ಜಳಕ ಮುಗಿಸಿದೆ.