ಗಿಡದಡಿಯ ಮಾತು ಲೆಕ್ಕಕ್ಕಿಲ್ಲ

ನಮ್ಮೂರ ಚೌಕದ ಬೊರ್ರಾಚೆರೊ ಗಿಡದಂಥದ್ದು ಆಂಡಿಸ್ ಪರ್ವತದ ಈ ತುದಿಯಿಂದ ಆ ತುದಿಯವರೆಗೆ ಇನ್ನೊಂದಿಲ್ಲ. ಮೇಲಿನ ಹಳ್ಳಿಯಲ್ಲಿ ಕೆಂಪು ಹೂವಿನದೊಂದಿದೆ. ಅದರಡಿ ಮಲಗಿದರೆ ಬರೀ ಆಕಳಿಕೆ. ಪಾದ್ರಿಗಳ ಹಿತ್ತಲಿನ ಹಳದಿಯದಕ್ಕೆ ಸೀನು ತರಿಸುವಷ್ಟೇ ತಾಕತ್ತು. ನಮ್ಮದು ಬಿಳಿ. ಮೊಳದುದ್ದದ ಹೂಗಳು ಇಗರ್ಜಿಯ ಗಂಟೆಗಳಂತೆ ಜೋತಾಡುತ್ತವೆ. ಅದರಡಿ ರೆಪ್ಪೆ ಮುಚ್ಚಿದವನ ಬುದ್ಧಿ ಒಂದು ದಿನದ ಮಟ್ಟಿಗೆ ಊರಿನ ಸ್ವತ್ತು: ಹೇಳಿದ್ದು ಮಾಡುತ್ತಾನೆ, ಮನಸ್ಸಿಗೆ ಬಂದದ್ದು ಒದರುತ್ತಾನೆ, ಮರುದಿನ ಎಲ್ಲ ಮರೆಯುತ್ತಾನೆ. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ: ಗಿಡದಡಿ ಮಲಗಿದವರ ಮಾತು ಲೆಕ್ಕಕ್ಕಿಲ್ಲ.

ದರ್ಜಿ ಎವಾರಿಸ್ತೊ ಹನ್ನೊಂದು ವರ್ಷದಿಂದ ಎರ್ಮೆಲಿಂದಾಳಿಗೆ 'ನನ್ನ ಮದುವೆ ಆಗ್ತೀರಾ' ಎಂಬ ಮೂರು ಪದ ಹೇಳಲಾರದೆ, ಅವಳಂಗಡಿಯ ಎಂಪನಾದ ಕಡುಬು ತಿಂದು ತಿಂದು ತನ್ನ ಪ್ಯಾಂಟನ್ನೇ ನಾಲ್ಕು ಸಲ ಸಡಿಲಿಸಿಕೊಂಡಿದ್ದ. ಅವತ್ತು ಸಂಜೆ ಐದರ ಬಸ್ಸಿಗೆ ಅವಳು ಪಾಸ್ತೊ ಪಟ್ಟಣಕ್ಕೆ ಹೊರಟಿದ್ದಳು. ಅಲ್ಲಿ ಅವಳ ಅಕ್ಕ ಒಬ್ಬ ಹಲ್ಲಿನ ಡಾಕ್ಟರನನ್ನು ಮದುವೆಗೆ ನೋಡಿಟ್ಟಿದ್ದಳು. ಇವತ್ತು ಬಿಟ್ಟರೆ ಕೆಟ್ಟೆ ಎಂದು ಎವಾರಿಸ್ತೊ ಬೆಳಿಗ್ಗೆಯೇ ಆ ಮೂರು ಪದ ಉರುಹೊಡೆಯಲು ಗಿಡದಡಿಯ ಬೆಂಚಿನಲ್ಲಿ ಕೂತ. ಯೋಚನೆಯಲ್ಲಿ ನಿದ್ದೆಗೆಟ್ಟಿದ್ದವನಿಗೆ ಕಣ್ಣು ಹತ್ತಿತು. ಟೋಪಿಯ ಮೇಲೆ ಹೂವೊಂದು ಪಟ್ಟನೆ ಬಿತ್ತು.

"ಅಯ್ಯಯ್ಯೋ, ದರ್ಜಿ ಮಲಗಿಬಿಟ್ಟ!" ಎಂದು ಪಕ್ಕದ ಮನೆಯ ದೊನ್ಯಾ ಸೊಯ್ಲಾ ಕೂಗಿದ್ದಕ್ಕೆ ಮೂರು ಬೆಟ್ಟದಾಚೆಯ ಕೋಳಿಗಳೂ ಎದ್ದು ಕೂತವು.

ಕಣ್ಣು ಬಿಟ್ಟ ಎವಾರಿಸ್ತೊನ ತಲೆ ತೊಳೆದ ಲೋಟದಷ್ಟು ಸ್ವಚ್ಛವಾಗಿತ್ತು. "ನಂಗೇನೂ ಆಗಿಲ್ಲ, ದೊನ್ಯಾ."

"ಎಲ್ಲರೂ ಹಾಗೇ ಹೇಳೋದು. ತಗೋ, ಈ ಆಲೂಗಡ್ಡೆ ಮೂಟೆ ಹೊರು."

ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ; ಒಂದಲ್ಲ, ನಲವತ್ತು ಮೂಟೆ ಹೊತ್ತ. ಗಿರಣಿಯ ದೊನ್ ಪ್ಲಾಸಿಡೊ ಕತ್ತೆ ಮೇಯಿಸಲು ಕಳಿಸಿದ. ವಾಪಸು ಬಂದವನ ಮುಂದೆ ತನ್ನ ಹೊಸ ಕೋಟು ಕೊಡವಿ ನಿಂತ. "ಹೇಗಿದೆಯೋ? ನೀನೇ ಹೊಲಿದಿದ್ದು!"

ದಣಿದ ಬಾಯಿಂದ ನಿಜ ಜಾರಿತು: "ಜೋಳದ ಮೂಟೆಗೆ ಗುಂಡಿ ಹಾಕಿದ ಹಾಗಿದೆ."

ಜನ ಗೊಳ್ಳೆಂದಿತು. ದೊನ್ ಪ್ಲಾಸಿಡೊ ಕೆಂಪಗಾದವನು ಹಲ್ಲು ಕಚ್ಚಿ, "ಪಾಪ, ಗಿಡದ ಮಾತು" ಎಂದ.

ಎವಾರಿಸ್ತೊನ ತಲೆಯೊಳಗೆ ದೀಪ ಹತ್ತಿತು. "ದೊನ್ಯಾ ಸೊಯ್ಲಾ, ನೀವು ಕೊಡೋದು ಕಾಫಿ ಅಲ್ಲ, ಕಾಲುಚೀಲ ತೊಳೆದ ನೀರು!" ಯಾರೂ ಬೈಯಲಿಲ್ಲ. ಅವನಿಗೆ ಹನ್ನೆರಡು ಗೂಳಿಗಳ ಧೈರ್ಯ ಬಂತು. ಚೌಕದಲ್ಲಿ ಬಸ್ಸು ಹತ್ತಲು ನಿಂತಿದ್ದ ಎರ್ಮೆಲಿಂದಾಳ ಮುಂದೆ, ಇಡೀ ಊರು ಬೆನ್ನ ಹಿಂದಿರುವಾಗಲೇ, ಮಂಡಿಯೂರಿದ.

"ಎರ್ಮೆಲಿಂದಾ, ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿತು. "ಹನ್ನೊಂದು ವರ್ಷ ಕಾದೆ ಕಣ್ರೀ. ಕೊನೆಗೆ ಈ ಮಾತಾಡಿದ್ದು ಗಿಡ. ನೀವಲ್ಲ."

"ನಾನೇ! ಗಿಡ ನಂಗೇನೂ ಮಾಡಿಲ್ಲ, ಬೆಳಿಗ್ಗೆಯಿಂದ ಪೂರ್ತಿ ಎಚ್ಚರವಾಗಿದ್ದೀನಿ!"

ದೊನ್ ಪ್ಲಾಸಿಡೊ ಕೋಟಿನ ತೋಳು ಮಡಚಿದ. "ಹಾಗಾದ್ರೆ ಜೋಳದ ಮೂಟೆ ಅಂದಿದ್ದು ಯಾರು?"

ಎವಾರಿಸ್ತೊ ಆ ಕುಂಬಳಕಾಯಿಯಂಥ ಮುಷ್ಟಿ ನೋಡಿದ. ಎರ್ಮೆಲಿಂದಾಳನ್ನು ನೋಡಿದ. "ನಾನೇ."

ಗುದ್ದು ಬಿತ್ತು.

"ಕಾಲುಚೀಲ?" ಎಂದಳು ದೊನ್ಯಾ ಸೊಯ್ಲಾ.

"ಅದೂ ನಾನೇ."

ಕೊಡೆ ಮುರಿಯಿತು; ಅವನ ಬೆನ್ನ ಮೇಲೆ.

"ಸಾಕು ಬಿಡ್ರೀ!" ಎರ್ಮೆಲಿಂದಾ ಅಡ್ಡ ಬಂದಳು. "ನನಗೋಸ್ಕರ ಇಷ್ಟು ಪೆಟ್ಟು ತಿಂದ್ರಲ್ಲ! ಆಗ್ತೀನಿ! ಪಾಸ್ತೊನೂ ಬೇಡ, ಯಾವ ಡಾಕ್ಟರೂ ಬೇಡ!"

ಎವಾರಿಸ್ತೊ ನೆಲದಿಂದ ಒಂದಡಿ ಮೇಲೆದ್ದ. ಅಷ್ಟರಲ್ಲಿ ದೊನ್ ಪ್ಲಾಸಿಡೊ ಅವಳ ಶಾಲಿನ ಮಡಿಕೆಯಿಂದ ಬಿಳಿಯದೇನನ್ನೋ ಎತ್ತಿ ಹಿಡಿದ.

"ಈ ಹೂವು ಎಲ್ಲಿಂದ ಬಂತಮ್ಮಾ?"

"ಬಸ್ಸಿಗೆ ಕಾಯ್ತಾ ಆ ಬೆಂಚಲ್ಲಿ ಕೂತಿದ್ದೆ..."

"ಕಣ್ಣು ಮುಚ್ಚಿತ್ತಾ?"

"ಒಂದೇ ಒಂದು ಚಣ..."

"ಲೆಕ್ಕಕ್ಕಿಲ್ಲ!" ಎಂದಿತು ಇಡೀ ಊರು.

"ಹತ್ತಮ್ಮ ತಾಯಿ, ಅಕ್ಕ ಕಾಯ್ತಿರ್ತಾಳೆ" ಎಂದು ದೊನ್ಯಾ ಸೊಯ್ಲಾ ಅವಳನ್ನು ಬಸ್ಸಿಗೆ ತಳ್ಳಿದಳು. ಬಸ್ಸು ಹೊರಟಿತು.

"ನಂಗೇನೂ ಆಗಿಲ್ಲ ಕಣ್ರೋ!" ಎಂದು ಕಿಟಕಿಯಿಂದ ಎರ್ಮೆಲಿಂದಾ ಕೂಗುತ್ತಲೇ ಹೋದಳು.

"ಎಲ್ಲರೂ ಹಾಗೇ ಹೇಳೋದು" ಎಂದು ದೊನ್ಯಾ ಸೊಯ್ಲಾ ಕೈಬೀಸಿದಳು.

ಬಸ್ಸಿನ ಹಿಂದೆ ಓಡಹೊರಟ ಎವಾರಿಸ್ತೊನ ಕಾಲರನ್ನು ದೊನ್ ಪ್ಲಾಸಿಡೊ ಹಿಡಿದು ನಿಲ್ಲಿಸಿ, ಕೋಟು ಬಿಚ್ಚಿ ಅವನ ಹೆಗಲಿಗೆ ಹಾಕಿದ.

"ನೀನು ಪೂರ್ತಿ ಎಚ್ಚರವಾಗಿದ್ದೀಯಲ್ಲಪ್ಪಾ? ಕೂತ್ಕೋ. ಈ ಮೂಟೆನ ಬಿಚ್ಚಿ ಹೊಸದಾಗಿ ಹೊಲಿ."