ಹಳೇ ಡೆಸ್ಕ್‌ಟಾಪಿನ ಮೇಲೆ ಸಿಟ್ಟು

ಗಣಿತದ ಮೇಷ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು. ರಜೆಯಿಡೀ ಕೂತು ಮನೆಯ ಲಿನಕ್ಸ್ ಕಂಪ್ಯೂಟರಿಗೆ ಹೊಸ ಡೆಸ್ಕ್‌ಟಾಪ್, ಅಂದರೆ ಪರದೆಗೆ ಹೊಸ ವೇಷ, ತೊಡಿಸಿ ಸಿಂಗರಿಸಿದ್ದರೆ, ಹೆಂಡತಿ ಲಾಗಿನ್ ಆಗುವಾಗೆಲ್ಲ ಹಳೆಯದನ್ನೇ ಆರಿಸಿಕೊಳ್ಳುತ್ತಿದ್ದಳು.

"ಅಲ್ಲ ಕಣೇ, ಒಳಗಿರೋ ಯಂತ್ರ ಅದೇ, ಫೈಲುಗಳೂ ಅವೇ. ಬದಲಾಗಿದ್ದು ಹೊರಗಿನ ರೂಪ ಮಾತ್ರ!"

"ಹಾಗಂತ ವಾರಕ್ಕೊಂದ್ಸಲ ಮನೆ ಬಾಗಿಲು ಕಿತ್ತು ಬೇರೆ ಗೋಡೆಗೆ ಇಡ್ತೀರಾ? ನಿಮ್ಮ ಹೊಸದ್ರಲ್ಲಿ ಮೊನ್ನೆ ಮೆನು ಕೆಳಗಿತ್ತು, ನಿನ್ನೆ ಮೇಲಿತ್ತು, ಇವತ್ತು ಎಲ್ಲೂ ಇಲ್ಲ! ನನ್ನ ಹಳೇದನ್ನ ಮುಟ್ಟಬೇಡಿ. ಹತ್ತು ಗಂಟೆಗೆ ನನ್ನ ಕ್ಲಾಸಿದೆ."

ಅವಳು ಹೊಲಿಗೆ ಟೀಚರ್. ಅಂದು ಹೊಸ ತಂಡಕ್ಕೆ ಮೊದಲ ಆನ್‌ಲೈನ್ ಪಾಠ. ಅದು ಹಿಡಿಸಿದರೆ ಸೇರುತ್ತೇವೆ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಲಿಯುವವರು ಮೊದಲೇ ಹೇಳಿಬಿಟ್ಟಿದ್ದರು.

ಇಷ್ಟೆಲ್ಲ ಗೊತ್ತಿದ್ದೂ, ಅವಳು ಸ್ನಾನಕ್ಕೆ ಹೋದದ್ದೇ ತಡ, ಮೇಷ್ಟರು ಹಲ್ಲು ಕಡಿಯುತ್ತ ಹಳೇ ಡೆಸ್ಕ್‌ಟಾಪನ್ನು ಬುಡಸಮೇತ ಕಿತ್ತುಹಾಕಲು ಆಜ್ಞಾಪಿಸಿದರು. (ಅದರ ಜೊತೆ ಇನ್ನೂ ಏನೇನು ಹೋಗುತ್ತದೆಂದು ಕಂಪ್ಯೂಟರ್ ಪಾಪ ಉದ್ದಕ್ಕೆ ವಿವರಿಸಿತು. ಸಿಟ್ಟು ಬಂದವರು ಅದನ್ನೆಲ್ಲ ಓದುತ್ತಾರೆಯೇ? ಹೂಂ ಎಂದು ಒತ್ತಿದರು.)

ಆಫ್ ಮಾಡಿ ಆನ್ ಮಾಡಿದರೆ ಕಪ್ಪು ಪರದೆ. ಮೂಲೆಯಲ್ಲೊಂದು ಗೆರೆ ಮಿಟುಕುತ್ತಿತ್ತು. ಹಳೆಯದರ ಬೆನ್ನಿಗೆ ಲಾಗಿನ್ ಪರದೆ, ಅದರ ಬಾಲ ಹಿಡಿದು ವೈಫೈ ಜೋಡಿಸುವ ಪ್ರೋಗ್ರಾಮು, ಎಲ್ಲವೂ ಸಾಮೂಹಿಕವಾಗಿ ವೈಕುಂಠಯಾತ್ರೆ ಹೊರಟಿದ್ದವು. ಅವನ್ನು ವಾಪಸು ಕರೆಸಲು ಇಂಟರ್ನೆಟ್ ಬೇಕು. ಇಂಟರ್ನೆಟ್ ಬರಲು ಅವೇ ಬೇಕು!

"ರೀ, ಏನ್ರೀ ಇದು ಕತ್ತಲೆ?" ಒದ್ದೆ ತಲೆಯಲ್ಲೇ ಬಂದು ನಿಂತಿದ್ದಳು.

"ಇದು... ಅತ್ಯಂತ ಸರಳವಾದ ಡೆಸ್ಕ್‌ಟಾಪು."

"ಸರಳ! ನಿಮ್ಮ ತಲೆ ಒಳಗಿರೋದನ್ನೇ ತಂದು ಇಲ್ಲಿ ಹಾಕಿದೀರಿ ಅನ್ನಿ. ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ!"

"ನೀನು ಹೊಸದನ್ನ ಕಲಿತಿದ್ರೆ ಇದೆಲ್ಲ ಆಗ್ತಿತ್ತಾ?" ಎಂದು ಮೇಷ್ಟರೂ ಗುಡುಗಿದರು. ಗೋಡೆ ಗಡಿಯಾರ ಹತ್ತಕ್ಕೆ ಹತ್ತಿರವಾಗಿತ್ತು.

ಅವಳು ಮೊಬೈಲ್ ತೆಗೆದು, ಅದರಲ್ಲೇ ಕ್ಲಾಸು ಶುರುಮಾಡಿ ಅವರ ಕೈಗೆ ತುರುಕಿದಳು. "ಹತ್ತಿ, ಆ ಸ್ಟೂಲ್ ಮೇಲೆ. ಬಟ್ಟೆ ಕತ್ತರಿಸೋದು ಮೇಲಿಂದ ಕಾಣೋ ಹಾಗೆ ಹಿಡ್ಕೊಂಡು ನಿಂತ್ಕೊಳ್ಳಿ. ಉಸಿರೆತ್ತಿದ್ರೆ ನೋಡಿ ಮತ್ತೆ!"

ಮೇಷ್ಟರು ಹತ್ತಿದರು. ತೋಳು ಮರಗಟ್ಟಿತು, ಮೂಗಿನ ತುದಿಯಲ್ಲಿ ಬೆವರು ತೂಗಿತು. ಒಳಗೆ ಲಾವಾರಸ ಕುದಿಯುತ್ತಿದ್ದರೂ ತುಟಿ ಬಿಚ್ಚುವಂತಿರಲಿಲ್ಲ. ಪಾಠ ಮುಗಿಯುತ್ತಿದ್ದಂತೆ ಮೊಬೈಲಿನಿಂದ ಹೆಂಗಸೊಬ್ಬಳ ದನಿ ಬಂತು:

"ಟೀಚರ್, ಕತ್ತರಿ ಹೋಗೋದು ಎಷ್ಟು ಚೆನ್ನಾಗಿ ಕಾಣ್ತು! ನಾವೆಲ್ಲ ಸೇರ್ಕೋತೀವಿ, ಆದ್ರೆ ದಿನಾ ಹೀಗೇ ತೋರಿಸಬೇಕು. ಹೊಸ ಸ್ಟ್ಯಾಂಡ್ ತಗೊಂಡ್ರಾ?"

"ಹೊಸದೆಲ್ಲಿ ಬಂತಮ್ಮ, ಮದುವೆಯಲ್ಲಿ ಅಪ್ಪ ಕೊಡಿಸಿದ್ದು," ಎಂದಳು ಹೆಂಡತಿ, ತಲೆಯೆತ್ತದೆ ಬಟ್ಟೆ ಮಡಚುತ್ತ. "ಇಷ್ಟು ವರ್ಷ ಯಾವ ಕೆಲಸಕ್ಕೂ ಬಂದಿರಲಿಲ್ಲ."